ವೇಗೋತ್ಕರ್ಷ: ವಿದ್ಯಾರ್ಥಿಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಚಲನೆಯ ಪಾಠದಲ್ಲಿ ಸೂತ್ರ ಬಾಯಿಪಾಠ ಇರುತ್ತದೆ, ಆದರೂ ಲೆಕ್ಕ ಕೈಕೊಡುತ್ತದೆ. ಪ್ರೌಢಶಾಲೆಯ ಮಕ್ಕಳು ಕೇಳುವ ಪ್ರಶ್ನೆಗಳನ್ನು ಗಮನಿಸಿದರೆ ಹೆಚ್ಚಿನ ಗೊಂದಲ ಎರಡೇ ಕಡೆಯಿಂದ ಬರುತ್ತದೆ. ವೇಗ ಮತ್ತು ವೇಗೋತ್ಕರ್ಷವನ್ನು ಒಂದೇ ಎಂದುಕೊಳ್ಳುವುದು ಒಂದು. ದಿಕ್ಕು ಗೊತ್ತುಮಾಡಿಕೊಳ್ಳದೆ ಅಂಕಿಗಳನ್ನು ಸೂತ್ರಕ್ಕೆ ಸುರಿಯುವುದು ಇನ್ನೊಂದು. ಕೆಳಗಿನ ಉತ್ತರಗಳನ್ನು ಓದುವಾಗ ಈ ಎರಡರ ಮೇಲೆ ಕಣ್ಣಿರಲಿ.

ಸೂತ್ರಗಳಲ್ಲಿ ತರಗತಿಯಲ್ಲಿ ಹೇಳುವ ಅಕ್ಷರಗಳನ್ನೇ ಬಳಸಿದ್ದೇನೆ: ಯು ಅಂದರೆ ಆರಂಭಿಕ ವೇಗ, ವಿ ಅಂದರೆ ಅಂತಿಮ ವೇಗ, ಎ ಅಂದರೆ ವೇಗೋತ್ಕರ್ಷ, ಟಿ ಅಂದರೆ ಕಾಲ, ಎಸ್ ಅಂದರೆ ಸ್ಥಾನಪಲ್ಲಟ (ಹೊರಟ ಜಾಗದಿಂದ ಯಾವ ದಿಕ್ಕಿಗೆ, ಎಷ್ಟು ದೂರ ಸರಿಯಿತು ಎಂಬುದು).

ವೇಗೋತ್ಕರ್ಷ ಅಂದರೆ ಒಂದೇ ಮಾತಿನಲ್ಲಿ ಏನು?

ಪ್ರತಿ ಸೆಕೆಂಡಿಗೆ ವೇಗ ಎಷ್ಟು ಬದಲಾಗುತ್ತಿದೆ ಎಂಬುದು. ವಸ್ತು ಎಷ್ಟು ಜೋರಾಗಿ ಹೋಗುತ್ತಿದೆ ಎಂದು ಅದು ಹೇಳುವುದೇ ಇಲ್ಲ. ಗಂಟೆಗೆ 900 ಕಿ.ಮೀ. ವೇಗದಲ್ಲಿ ನೆಟ್ಟಗೆ, ಒಂದೇ ಸಮನೆ ಹಾರುತ್ತಿರುವ ವಿಮಾನದ ವೇಗೋತ್ಕರ್ಷ ಸೊನ್ನೆ. ನಿಂತಲ್ಲಿಂದ ಈಗಷ್ಟೇ ಹೊರಟ ಸೈಕಲ್ಲಿಗೆ ವೇಗೋತ್ಕರ್ಷ ಇದೆ.

2009ರಲ್ಲಿ ಬರ್ಲಿನ್‌ನಲ್ಲಿ ಉಸೇನ್ ಬೋಲ್ಟ್ 100 ಮೀಟರನ್ನು 9.58 ಸೆಕೆಂಡಿನಲ್ಲಿ ಓಡಿದ. ಮೊದಲ 10 ಮೀಟರಿಗೆ ಹಿಡಿದದ್ದು 1.89 ಸೆಕೆಂಡು. 60ರಿಂದ 70ನೇ ಮೀಟರಿನವರೆಗಿನ 10 ಮೀಟರಿಗೆ ಬರೀ 0.81 ಸೆಕೆಂಡು, ಅಂದರೆ ಸೆಕೆಂಡಿಗೆ 12 ಮೀಟರಿಗೂ ಹೆಚ್ಚು. ಅವನ ವೇಗೋತ್ಕರ್ಷ ಹೆಚ್ಚಿದ್ದದ್ದು ಎಲ್ಲಿ ಎಂದು ಕೇಳಿದರೆ ಬಹಳ ಮಕ್ಕಳು ಈ ಎರಡನೇ ಭಾಗವನ್ನು ತೋರಿಸುತ್ತಾರೆ. ಸರಿಯಾದ ಉತ್ತರ ಮೊದಲ ಭಾಗ. ಅಲ್ಲಿ ವೇಗ ಸೊನ್ನೆಯಿಂದ ಸರಸರನೆ ಏರುತ್ತಿತ್ತು. 60 ಮೀಟರ್ ದಾಟುವ ಹೊತ್ತಿಗೆ ವೇಗ ತುತ್ತತುದಿಗೆ ಬಂದು, ಇನ್ನು ಏರಲು ಏನೂ ಉಳಿದಿರಲಿಲ್ಲ. ವೇಗ ಗರಿಷ್ಠವಾಗಿರುವ ಆ ಕ್ಷಣದಲ್ಲೇ ವೇಗೋತ್ಕರ್ಷ ಸೊನ್ನೆ.

ಮೀ/ಸೆ² ಎಂದು ಬರೆಯುತ್ತೇವಲ್ಲ, ಸೆಕೆಂಡಿಗೆ ವರ್ಗ ಎಲ್ಲಿಂದ ಬಂತು?

ಎರಡು ಬೇರೆ ಬೇರೆ ಸೆಕೆಂಡುಗಳು ಅಕ್ಕಪಕ್ಕ ಕೂತಿವೆ. ವೇಗದೊಳಗೆ ಒಂದು ಸೆಕೆಂಡು ಇದೆ (ಮೀಟರ್ ಪ್ರತಿ ಸೆಕೆಂಡಿಗೆ). ಆ ವೇಗ ಬದಲಾಗಲು ಹಿಡಿದ ಕಾಲ ಇನ್ನೊಂದು ಸೆಕೆಂಡು. 3 ಮೀ/ಸೆ² ಎಂದು ಕಂಡಾಗ "ಪ್ರತಿ ಸೆಕೆಂಡಿಗೂ ವೇಗಕ್ಕೆ 3 ಮೀ/ಸೆ ಸೇರುತ್ತದೆ" ಎಂದು ಓದಿಕೊಳ್ಳಿ. ನಿಂತಿದ್ದ ವಸ್ತುವಾದರೆ ಒಂದು ಸೆಕೆಂಡಿನ ಕೊನೆಗೆ 3, ಎರಡರ ಕೊನೆಗೆ 6, ಮೂರರ ಕೊನೆಗೆ 9 ಮೀ/ಸೆ. ಹೀಗೆ ಓದುವ ಅಭ್ಯಾಸ ಬಂದರೆ ಅರ್ಧ ಲೆಕ್ಕಗಳು ಸೂತ್ರವಿಲ್ಲದೆ ಬಾಯಲ್ಲೇ ಆಗುತ್ತವೆ.

ಸರಳವಾದ ಒಂದು ಲೆಕ್ಕ ಮಾಡಿ ತೋರಿಸಿ.

ಒಂದು ಕಾರಿನ ವೇಗ 5 ಸೆಕೆಂಡಿನಲ್ಲಿ ಗಂಟೆಗೆ 36 ಕಿ.ಮೀ.ನಿಂದ 72 ಕಿ.ಮೀ.ಗೆ ಏರಿತು. ಮೊದಲು ಏಕಮಾನ ಬದಲಿಸಿ. ಕಿ.ಮೀ./ಗಂಟೆಯನ್ನು 5/18ರಿಂದ ಗುಣಿಸಿದರೆ ಮೀ/ಸೆ ಸಿಗುತ್ತದೆ: 36 ಎಂದರೆ 10 ಮೀ/ಸೆ, 72 ಎಂದರೆ 20 ಮೀ/ಸೆ.

ಎ = (ವಿ − ಯು) ÷ ಟಿ = (20 − 10) ÷ 5 = 2 ಮೀ/ಸೆ²

ಏಕಮಾನ ಬದಲಿಸದೆ (72 − 36) ÷ 5 = 7.2 ಎಂದು ಬರೆದವರ ಲೆಕ್ಕವೂ ಪೂರ್ತಿ ಸುಳ್ಳಲ್ಲ. ಅದು "ಪ್ರತಿ ಸೆಕೆಂಡಿಗೆ ಗಂಟೆಗೆ 7.2 ಕಿ.ಮೀ." ಎಂಬ ವೇಗೋತ್ಕರ್ಷ. ಆದರೆ ಅದರ ಮುಂದೆ ಮೀ/ಸೆ² ಎಂದು ಬರೆದರೆ ಸುಳ್ಳಾಗುತ್ತದೆ. ಅಂಕ ಹೋಗುವುದು ಅಲ್ಲೇ.

ಉತ್ತರ ಋಣ ಬಂದರೆ ವಸ್ತು ನಿಧಾನವಾಗುತ್ತಿದೆ ಎಂದೇ ಅರ್ಥ ಅಲ್ಲವಾ?

ಅಲ್ಲ. ಇಷ್ಟು ಗಟ್ಟಿಯಾಗಿ ಬೇರೂರಿದ ತಪ್ಪು ಈ ಪಾಠದಲ್ಲಿ ಇನ್ನೊಂದಿಲ್ಲ, ಅದಕ್ಕೇ ಸ್ವಲ್ಪ ನಿಧಾನವಾಗಿ ನೋಡೋಣ.

ಋಣ ಚಿಹ್ನೆ ಹೇಳುವುದು ದಿಕ್ಕನ್ನು. ಪೂರ್ವವನ್ನು ಧನ ಎಂದು ನಾವೇ ಇಟ್ಟುಕೊಂಡಿದ್ದೇವೆ ಎನ್ನಿ. ಒಂದು ಬೈಕು ಪಶ್ಚಿಮಕ್ಕೆ 10 ಮೀ/ಸೆ ವೇಗದಲ್ಲಿ ಹೋಗುತ್ತಿದ್ದು, 3 ಸೆಕೆಂಡಿನಲ್ಲಿ 16 ಮೀ/ಸೆ ಮುಟ್ಟಿತು. ಪಶ್ಚಿಮ ಋಣವಾದ್ದರಿಂದ ಯು = −10, ವಿ = −16.

ಎ = (−16 − (−10)) ÷ 3 = −6 ÷ 3 = −2 ಮೀ/ಸೆ²

ವೇಗೋತ್ಕರ್ಷ ಋಣ, ಬೈಕು ಮಾತ್ರ ಇನ್ನೂ ಜೋರಾಗುತ್ತಿದೆ! ನೋಡಬೇಕಾದದ್ದು ಎರಡು ಚಿಹ್ನೆಗಳನ್ನು ಒಟ್ಟಿಗೆ. ವೇಗ ಮತ್ತು ವೇಗೋತ್ಕರ್ಷ ಎರಡರ ಚಿಹ್ನೆಯೂ ಒಂದೇ ಆಗಿದ್ದರೆ ವಸ್ತು ಜೋರಾಗುತ್ತಿದೆ. ಚಿಹ್ನೆ ಬೇರೆ ಬೇರೆಯಾದರೆ ನಿಧಾನವಾಗುತ್ತಿದೆ. ಚಲಿಸುತ್ತಿರುವ ದಿಕ್ಕನ್ನೇ ಧನ ಎಂದು ಇಟ್ಟುಕೊಂಡ ಲೆಕ್ಕಗಳಲ್ಲಿ ಮಾತ್ರ "ಋಣ ಅಂದರೆ ನಿಧಾನ" ಎಂಬುದು ನಡೆಯುತ್ತದೆ. ಪಠ್ಯದ ಬ್ರೇಕ್ ಲೆಕ್ಕಗಳೆಲ್ಲ ಹಾಗೇ ಇರುವುದರಿಂದ ಆ ಭ್ರಮೆ ಹುಟ್ಟಿಕೊಂಡಿದೆ.

ದಿಕ್ಕು ಮರೆತರೆ ಎಷ್ಟು ದೊಡ್ಡ ತಪ್ಪಾಗುತ್ತದೆ ಎಂಬುದಕ್ಕೆ ಗೋಡೆಗೆ ಬಡಿಯುವ ಚೆಂಡಿನ ಲೆಕ್ಕ ನೋಡಿ. ಚೆಂಡು 8 ಮೀ/ಸೆ ವೇಗದಲ್ಲಿ ಬಂದು ಗೋಡೆಗೆ ಬಡಿದು, 6 ಮೀ/ಸೆ ವೇಗದಲ್ಲಿ ಹಿಂದಕ್ಕೆ ಪುಟಿಯಿತು. ಗೋಡೆಗೆ ತಾಗಿಕೊಂಡಿದ್ದದ್ದು 0.02 ಸೆಕೆಂಡು. "8 ಇದ್ದದ್ದು 6 ಆಯಿತು, ವ್ಯತ್ಯಾಸ 2, ಭಾಗಿಸು 0.02, ಉತ್ತರ 100" ಎನ್ನುವವರು ತರಗತಿಯಲ್ಲಿ ಕಾಲುಭಾಗವಾದರೂ ಇರುತ್ತಾರೆ. ಚೆಂಡು ದಿಕ್ಕು ಬದಲಿಸಿದೆ, ಹಾಗಾಗಿ ವಿ = −6. ಬದಲಾವಣೆ −6 − 8 = −14 ಮೀ/ಸೆ. ವೇಗೋತ್ಕರ್ಷ −700 ಮೀ/ಸೆ². 100 ಎಲ್ಲಿ, 700 ಎಲ್ಲಿ?

ಲೆಕ್ಕ ಶುರುಮಾಡುವ ಮೊದಲು ಹಾಳೆಯ ಮೂಲೆಯಲ್ಲಿ ಒಂದು ಸಣ್ಣ ಬಾಣ ಎಳೆದು "ಈ ಕಡೆ ಧನ" ಎಂದು ಬರೆಯಿರಿ. ಎರಡು ಸೆಕೆಂಡಿನ ಕೆಲಸ.

ಮೇಲಕ್ಕೆ ಎಸೆದ ಚೆಂಡು ತುದಿಯಲ್ಲಿ ಒಂದು ಕ್ಷಣ ನಿಲ್ಲುತ್ತದೆ. ಆಗ ವೇಗೋತ್ಕರ್ಷ ಸೊನ್ನೆ ತಾನೇ?

ವೇಗ ಸೊನ್ನೆ. ವೇಗೋತ್ಕರ್ಷ ಆಗಲೂ ಕೆಳಮುಖವಾಗಿ 9.8 ಮೀ/ಸೆ².

ನಂಬಿಕೆ ಬರದಿದ್ದರೆ ಅಂಕಿಗಳನ್ನು ಸಾಲಾಗಿ ಬರೆದು ನೋಡಿ. ಚೆಂಡನ್ನು 19.6 ಮೀ/ಸೆ ವೇಗದಲ್ಲಿ ನೇರ ಮೇಲಕ್ಕೆ ಎಸೆದಿರಿ, ಮೇಲ್ಮುಖ ಧನ. ಗಾಳಿಯ ತಡೆಯನ್ನು ಬಿಟ್ಟರೆ ಪ್ರತಿ ಸೆಕೆಂಡಿಗೆ ಅದರ ವೇಗ ಹೀಗಿರುತ್ತದೆ: +19.6, +9.8, 0, −9.8, −19.6. ಪ್ರತಿ ಹೆಜ್ಜೆಯಲ್ಲೂ ಕಡಿಮೆಯಾಗಿರುವುದು ಅದೇ 9.8. ಮಧ್ಯದಲ್ಲಿ ಸೊನ್ನೆ ಬಂತು ಎಂದ ಮಾತ್ರಕ್ಕೆ ಇಳಿಕೆ ನಿಂತಿಲ್ಲ. ತುದಿಯಲ್ಲಿ ವೇಗೋತ್ಕರ್ಷವೂ ಸೊನ್ನೆಯಾಗಿದ್ದರೆ ವೇಗ ಸೊನ್ನೆಯಲ್ಲೇ ಉಳಿದು, ಚೆಂಡು 19.6 ಮೀಟರ್ ಎತ್ತರದಲ್ಲಿ ತೂಗುತ್ತಾ ನಿಂತುಬಿಡಬೇಕಿತ್ತು.

ಭಾರವಾದ ವಸ್ತು ಬೇಗ ಬೀಳುತ್ತದೆ, ಕಣ್ಣಾರೆ ಕಂಡಿದ್ದೇವಲ್ಲ?

ನೀವು ಕಂಡದ್ದು ಗಾಳಿಯ ಕೆಲಸ. ಗರಿ ಅಥವಾ ಕಾಗದದ ಹಾಳೆಯ ತೂಕಕ್ಕೆ ಹೋಲಿಸಿದರೆ ಗಾಳಿಯ ತಡೆ ದೊಡ್ಡದು, ಕಲ್ಲಿಗೆ ಅದು ಲೆಕ್ಕಕ್ಕೇ ಇಲ್ಲ. ಅದೇ ಹಾಳೆಯನ್ನು ಉಂಡೆ ಮಾಡಿ ಬಿಟ್ಟು ನೋಡಿ, ತೂಕ ಅಷ್ಟೇ ಇದ್ದರೂ ಬೇಗ ಬೀಳುತ್ತದೆ.

ಗಾಳಿಯೇ ಇಲ್ಲದ ಕಡೆ ಇದನ್ನು ಮಾಡಿ ತೋರಿಸಿಯೂ ಆಗಿದೆ. 1971ರ ಆಗಸ್ಟ್ 2ರಂದು ಅಪೊಲೊ 15ರ ಗಗನಯಾತ್ರಿ ಡೇವಿಡ್ ಸ್ಕಾಟ್ ಚಂದ್ರನ ನೆಲದ ಮೇಲೆ ನಿಂತು, ಕ್ಯಾಮೆರಾದ ಮುಂದೆ ಒಂದು ಕೈಯಿಂದ ಸುತ್ತಿಗೆ, ಇನ್ನೊಂದು ಕೈಯಿಂದ ಡೇಗೆಯ ಗರಿ ಒಟ್ಟಿಗೆ ಬಿಟ್ಟರು. ಎರಡೂ ಒಟ್ಟಿಗೇ ನೆಲ ಮುಟ್ಟಿದವು. ಆ ದೃಶ್ಯದಲ್ಲಿ ಎರಡೂ ಸ್ವಲ್ಪ ಸಾವಕಾಶವಾಗಿ ಬೀಳುವುದು ಕಾಣುತ್ತದೆ, ಏಕೆಂದರೆ ಚಂದ್ರನಲ್ಲಿ ಗುರುತ್ವ ವೇಗೋತ್ಕರ್ಷ ಬರೀ 1.62 ಮೀ/ಸೆ².

9.8 ಎಂಬುದು ಭೂಮಿಯ ಮೇಲೆ ಎಲ್ಲ ಕಡೆಯೂ ಒಂದೇನಾ? 10 ಎಂದು ಇಟ್ಟುಕೊಂಡರೆ ತಪ್ಪಾ?

ಸಮಭಾಜಕ ವೃತ್ತದ ಬಳಿ ಸುಮಾರು 9.78, ಧ್ರುವಗಳಲ್ಲಿ ಸುಮಾರು 9.83. ಭೂಮಿ ತಿರುಗುವುದು ಮತ್ತು ಅದರ ನಡು ಸ್ವಲ್ಪ ಉಬ್ಬಿರುವುದು ಇದಕ್ಕೆ ಕಾರಣ. ಅಳತೆಗಳಿಗೆ ಒಂದು ಒಪ್ಪಿತ ಬೆಲೆ ಇರಲಿ ಎಂದು 1901ರಲ್ಲಿ 9.80665 ಮೀ/ಸೆ² ಎಂದು ಗೊತ್ತುಮಾಡಿದರು. ಪ್ರಶ್ನೆಯಲ್ಲಿ ಯಾವ ಬೆಲೆ ಕೊಟ್ಟಿದ್ದಾರೋ ಅದನ್ನೇ ಹಾಕಿ. ಏನೂ ಕೊಟ್ಟಿಲ್ಲದಿದ್ದರೆ 9.8. ಬಾಯಿಲೆಕ್ಕಕ್ಕೆ 10 ಧಾರಾಳವಾಗಿ ನಡೆಯುತ್ತದೆ, ವ್ಯತ್ಯಾಸ ನೂರಕ್ಕೆ ಎರಡರಷ್ಟು.

ಮೂರು ಸಮೀಕರಣಗಳಲ್ಲಿ ಯಾವುದನ್ನು ಯಾವಾಗ ಬಳಸಬೇಕು?

ವಿ = ಯು + ಎಟಿ
ಎಸ್ = ಯುಟಿ + ½ಎಟಿ²
ವಿ² = ಯು² + 2ಎಎಸ್

ಕೊಟ್ಟಿರುವುದನ್ನು ನೋಡಿ ಸೂತ್ರ ಹುಡುಕುವುದಕ್ಕಿಂತ, ಯಾವುದು ಪ್ರಶ್ನೆಯಲ್ಲಿ ಬಂದೇ ಇಲ್ಲ ಎಂದು ನೋಡುವುದು ಸುಲಭ. ಐದು ರಾಶಿಗಳಲ್ಲಿ ಒಂದು ಕೊಟ್ಟೂ ಇರುವುದಿಲ್ಲ, ಕೇಳಿಯೂ ಇರುವುದಿಲ್ಲ. ಸ್ಥಾನಪಲ್ಲಟದ ಸುದ್ದಿಯೇ ಇಲ್ಲದಿದ್ದರೆ ಮೊದಲನೆಯದು. ಅಂತಿಮ ವೇಗ ಬೇಡವಾದರೆ ಎರಡನೆಯದು. ಕಾಲದ ಮಾತೇ ಇಲ್ಲದಿದ್ದರೆ ಮೂರನೆಯದು. "ನಿಶ್ಚಲ ಸ್ಥಿತಿಯಿಂದ ಹೊರಟು" ಎಂದಿದ್ದರೆ ಯು = 0, "ನಿಲ್ಲುತ್ತದೆ" ಎಂದಿದ್ದರೆ ವಿ = 0. ಇವು ಅಂಕಿಯ ವೇಷ ಹಾಕದೆ ಬರುವ ಮಾಹಿತಿ, ಕಣ್ತಪ್ಪುವುದು ಸಹಜ.

ಒಂದು ಷರತ್ತು ಮರೆಯಬೇಡಿ. ಈ ಮೂರೂ ನಡೆಯುವುದು ವೇಗೋತ್ಕರ್ಷ ಏಕರೂಪವಾಗಿದ್ದಾಗ ಮಾತ್ರ. ಬೋಲ್ಟ್‌ನ ಓಟಕ್ಕೆ, ಗಾಳಿಯಲ್ಲಿ ತೇಲಿ ಬೀಳುವ ಗರಿಗೆ ಇವನ್ನು ಹಚ್ಚಿದರೆ ಬರುವ ಉತ್ತರಕ್ಕೆ ಅರ್ಥವಿಲ್ಲ.

ವೇಗ ಎರಡು ಪಟ್ಟಾದರೆ ಬ್ರೇಕ್ ಹಾಕಿದ ಮೇಲೆ ನಿಲ್ಲುವ ದೂರವೂ ಎರಡು ಪಟ್ಟಾಗುತ್ತದಾ?

ನಾಲ್ಕು ಪಟ್ಟಾಗುತ್ತದೆ. ಮೂರನೇ ಸಮೀಕರಣದಲ್ಲಿ ವಿ = 0 ಎಂದಿಟ್ಟರೆ ನಿಲ್ಲುವ ದೂರ ಯು²ಕ್ಕೆ ತಕ್ಕಂತೆ ಬೆಳೆಯುವುದು ಕಾಣುತ್ತದೆ. ಬ್ರೇಕಿನಿಂದ ವೇಗ ಪ್ರತಿ ಸೆಕೆಂಡಿಗೆ 5 ಮೀ/ಸೆ ಇಳಿಯುತ್ತದೆ ಎನ್ನಿ. ಗಂಟೆಗೆ 36 ಕಿ.ಮೀ.ನಲ್ಲಿದ್ದರೆ 100 ÷ 10 = 10 ಮೀಟರ್. 72 ಕಿ.ಮೀ.ನಲ್ಲಿದ್ದರೆ 400 ÷ 10 = 40 ಮೀಟರ್. ಅಪಾಯ ಕಂಡು ಕಾಲು ಬ್ರೇಕಿನ ಮೇಲೆ ಬೀಳಲು ಒಂದು ಸೆಕೆಂಡು ಹಿಡಿದರೆ, ಆ ಸೆಕೆಂಡಿನಲ್ಲಿ ವೇಗ ಇಳಿದೇ ಇರುವುದಿಲ್ಲ. ಮೊದಲನೆಯದಕ್ಕೆ ಇನ್ನೂ 10, ಎರಡನೆಯದಕ್ಕೆ ಇನ್ನೂ 20 ಮೀಟರ್ ಸೇರಿಸಿ. ಒಟ್ಟು 20 ಮತ್ತು 60. ವೇಗಮಿತಿ ಬೋರ್ಡುಗಳ ಹಿಂದಿರುವ ಗಣಿತ ಇದೇ.

ಇಲ್ಲೇ ಒಂದು ಕುತಂತ್ರದ ಪ್ರಶ್ನೆಯನ್ನೂ ನೋಡಿಬಿಡಿ. 20 ಮೀ/ಸೆ ವೇಗದ ಕಾರು, ಬ್ರೇಕಿನಿಂದ ಪ್ರತಿ ಸೆಕೆಂಡಿಗೆ 4 ಮೀ/ಸೆ ಇಳಿಕೆ, 8 ಸೆಕೆಂಡಿನಲ್ಲಿ ಎಷ್ಟು ದೂರ ಹೋಗುತ್ತದೆ? ಎರಡನೇ ಸಮೀಕರಣಕ್ಕೆ ಹಾಕಿದರೆ 160 − 128 = 32 ಮೀಟರ್. ನೀಟಾದ ಉತ್ತರ, ಆದರೆ ತಪ್ಪು. ಕಾರು 5 ಸೆಕೆಂಡಿಗೇ ನಿಂತಿದೆ, 50 ಮೀಟರ್ ಹೋಗಿ. ಸಮೀಕರಣಕ್ಕೆ ಬ್ರೇಕು ಎಂದರೇನೆಂದು ಗೊತ್ತಿಲ್ಲ. ಉಳಿದ 3 ಸೆಕೆಂಡು ಅದೇ ವೇಗೋತ್ಕರ್ಷದಲ್ಲಿ ಕಾರನ್ನು ಹಿಂದಕ್ಕೆ ಓಡಿಸಿ, 18 ಮೀಟರ್ ವಾಪಸು ತಂದು, 32 ಎಂದು ಹೇಳುತ್ತದೆ. ಬ್ರೇಕ್ ಲೆಕ್ಕದಲ್ಲಿ ಮೊದಲು ನಿಲ್ಲುವ ಕಾಲ ಕಂಡುಹಿಡಿದುಕೊಳ್ಳಿ, ಆಮೇಲೆ ಮುಂದಿನದು.

ವೇಗ-ಕಾಲ ನಕ್ಷೆಯಿಂದ ವೇಗೋತ್ಕರ್ಷ ಓದುವುದು ಹೇಗೆ?

ಗೆರೆಯ ಇಳಿಜಾರೇ ವೇಗೋತ್ಕರ್ಷ, ಗೆರೆಯ ಕೆಳಗಿನ ವಿಸ್ತೀರ್ಣ ಸ್ಥಾನಪಲ್ಲಟ. ಒಂದು ನಕ್ಷೆಯನ್ನು ಹಾಳೆಯ ಮೇಲೆ ನೀವೇ ಎಳೆಯಿರಿ. 0ಯಿಂದ 4 ಸೆಕೆಂಡಿನವರೆಗೆ ವೇಗ 0ಯಿಂದ 12 ಮೀ/ಸೆಗೆ ನೇರವಾಗಿ ಏರಲಿ. 10ನೇ ಸೆಕೆಂಡಿನವರೆಗೆ ಅಡ್ಡಗೆರೆಯಾಗಿ 12ರಲ್ಲೇ ಇರಲಿ. 13ನೇ ಸೆಕೆಂಡಿಗೆ ಸೊನ್ನೆಗೆ ಇಳಿಯಲಿ. ಮೊದಲ ತುಂಡಿನಲ್ಲಿ 12 ÷ 4 = 3 ಮೀ/ಸೆ², ಎರಡನೆಯದರಲ್ಲಿ 0, ಮೂರನೆಯದರಲ್ಲಿ −12 ÷ 3 = −4 ಮೀ/ಸೆ². ವಿಸ್ತೀರ್ಣ: ತ್ರಿಕೋನ 24, ಆಯತ 72, ತ್ರಿಕೋನ 18, ಒಟ್ಟು 114 ಮೀಟರ್.

ಅಡ್ಡಗೆರೆ ಕಂಡ ಕೂಡಲೇ "ವಸ್ತು ನಿಂತಿದೆ" ಎಂದು ಬರೆಯುವವರಿದ್ದಾರೆ. ಅದು ಸ್ಥಾನ-ಕಾಲ ನಕ್ಷೆಯ ಪಾಠ. ನಕ್ಷೆ ಓದುವ ಮುನ್ನ ಲಂಬ ಅಕ್ಷದಲ್ಲಿ ಏನಿದೆ ಎಂದು ಓದಿ. ಸ್ಥಾನ-ಕಾಲ ನಕ್ಷೆಯಲ್ಲಿ ವೇಗೋತ್ಕರ್ಷ ಕಾಣುವುದು ಗೆರೆಯ ಬಾಗಿನಲ್ಲಿ: ಗೆರೆ ನೇರವಿದ್ದರೆ ವೇಗೋತ್ಕರ್ಷವಿಲ್ಲ.

ಸರಾಸರಿ ವೇಗಕ್ಕೆ (ಯು + ವಿ) ÷ 2 ಎಂದು ಯಾವಾಗಲೂ ಹಾಕಬಹುದಾ?

ವೇಗೋತ್ಕರ್ಷ ಏಕರೂಪವಾಗಿದ್ದರೆ ಮಾತ್ರ. ಮೇಲಿನ ನಕ್ಷೆಗೇ ಹಾಕಿದರೆ (0 + 0) ÷ 2 = 0 ಬರುತ್ತದೆ, 114 ಮೀಟರ್ ಹೋದ ವಸ್ತುವಿಗೆ! ಸರಿಯಾದದ್ದು 114 ÷ 13, ಸುಮಾರು 8.8 ಮೀ/ಸೆ.

"5ನೇ ಸೆಕೆಂಡಿನಲ್ಲಿ" ಮತ್ತು "5 ಸೆಕೆಂಡಿನಲ್ಲಿ" ಎಂದರೆ ಒಂದೇನಾ?

ಬೇರೆ ಬೇರೆ. 5 ಸೆಕೆಂಡಿನಲ್ಲಿ ಎಂದರೆ ಸೊನ್ನೆಯಿಂದ ಐದರವರೆಗೆ. 5ನೇ ಸೆಕೆಂಡಿನಲ್ಲಿ ಎಂದರೆ ನಾಲ್ಕರಿಂದ ಐದರವರೆಗಿನ ಒಂದೇ ಸೆಕೆಂಡು. ನಿಂತಲ್ಲಿಂದ 2 ಮೀ/ಸೆ² ವೇಗೋತ್ಕರ್ಷದಲ್ಲಿ ಹೊರಟ ವಸ್ತು 5 ಸೆಕೆಂಡಿನಲ್ಲಿ 25 ಮೀಟರ್, 4 ಸೆಕೆಂಡಿನಲ್ಲಿ 16 ಮೀಟರ್ ಹೋಗುತ್ತದೆ. ಹಾಗಾದರೆ 5ನೇ ಸೆಕೆಂಡಿನಲ್ಲಿ 9 ಮೀಟರ್. ಇದಕ್ಕೆಂದೇ ಇರುವ ಸೂತ್ರ ಯು + ½ಎ(2ಎನ್ − 1), ಇಲ್ಲಿ ಎನ್ ಅಂದರೆ ಎಷ್ಟನೇ ಸೆಕೆಂಡು ಎಂಬುದು. ಜಾಣ ವಿದ್ಯಾರ್ಥಿಗಳು ಇದರ ಮೇಲೆ ಒಂದು ಒಳ್ಳೆಯ ತಕರಾರು ತೆಗೆಯುತ್ತಾರೆ: ಬಲಗಡೆ ಮೀ/ಸೆ ಇದೆ, ಎಡಗಡೆ ಮೀಟರ್ ಬೇಕು, ಏಕಮಾನ ಹೊಂದುತ್ತಿಲ್ಲವಲ್ಲ? ಇಡೀ ಬಲಭಾಗ "1 ಸೆಕೆಂಡ್"ನಿಂದ ಗುಣಿತವಾಗಿದೆ, 1 ಆದ್ದರಿಂದ ಬರೆಯುವುದನ್ನು ಬಿಟ್ಟಿದ್ದಾರೆ, ಅಷ್ಟೆ. ಸೂತ್ರ ಮರೆತರೂ ಚಿಂತೆಯಿಲ್ಲ, ಎರಡು ದೂರ ಕಂಡು ಕಳೆದರಾಯಿತು.

ಮೇಲಿನ ವಸ್ತುವಿನ ಒಂದೊಂದು ಸೆಕೆಂಡಿನ ದೂರ ಬರೆದರೆ 1, 3, 5, 7, 9 ಎಂದು ಬೆಸ ಸಂಖ್ಯೆಗಳು ಸಾಲಾಗಿ ಬರುತ್ತವೆ. ಯಾವ ಏಕರೂಪ ವೇಗೋತ್ಕರ್ಷವಾದರೂ, ನಿಂತಲ್ಲಿಂದ ಹೊರಟರೆ, ಅನುಪಾತ ಇದೇ. ಮೇಲಿನಿಂದ ಬಿಟ್ಟ ಕಲ್ಲು ಮೊದಲ ಸೆಕೆಂಡಿನಲ್ಲಿ 4.9, ಎರಡನೆಯದರಲ್ಲಿ 14.7, ಮೂರನೆಯದರಲ್ಲಿ 24.5 ಮೀಟರ್ ಬೀಳುತ್ತದೆ. ಗೆಲಿಲಿಯೊ ಈ ನಿಯಮಕ್ಕೆ ಬಂದದ್ದು ಇಳಿಜಾರು ಹಲಗೆಯ ಮೇಲೆ ಗುಂಡು ಉರುಳಿಸಿ. ನೇರವಾಗಿ ಬೀಳುವುದನ್ನು ಅಳೆಯುವಷ್ಟು ಚುರುಕಾದ ಗಡಿಯಾರ ಆಗ ಇರಲಿಲ್ಲ, ಹಾಗಾಗಿ ಬೀಳುವಿಕೆಯನ್ನೇ ನಿಧಾನ ಮಾಡಿ, ಪಾತ್ರೆಯಿಂದ ಸಣ್ಣ ಧಾರೆಯಾಗಿ ಸುರಿದ ನೀರನ್ನು ತೂಗಿ ಕಾಲ ಅಳೆದ. 1604ರಲ್ಲಿ ಅವನು, ಬೀಳುವ ವಸ್ತುವಿನ ವೇಗ ಬಿದ್ದ ದೂರಕ್ಕೆ ತಕ್ಕಂತೆ ಹೆಚ್ಚುತ್ತದೆ ಎಂದು ಬರೆದಿದ್ದ. ಕಾಲಕ್ಕೆ ತಕ್ಕಂತೆ ಎಂಬ ಸರಿಯಾದ ರೂಪ 1638ರಲ್ಲಿ ಅಚ್ಚಾದ ಅವನ ಬರಹದಲ್ಲಿದೆ. "ಪ್ರತಿ ಮೀಟರಿಗೆ" ಎಂಬುದಕ್ಕೂ "ಪ್ರತಿ ಸೆಕೆಂಡಿಗೆ" ಎಂಬುದಕ್ಕೂ ಇರುವ ವ್ಯತ್ಯಾಸ ಗೆಲಿಲಿಯೊನಂಥವನಿಗೂ ಸಲೀಸಾಗಿ ದಕ್ಕಲಿಲ್ಲ.

ಸರಾಸರಿ ವೇಗೋತ್ಕರ್ಷ, ತತ್‌ಕ್ಷಣದ ವೇಗೋತ್ಕರ್ಷ: ಎರಡೂ ಯಾಕೆ ಬೇಕು?

ಏಕರೂಪ ವೇಗೋತ್ಕರ್ಷದ ಲೆಕ್ಕಗಳಲ್ಲಿ ಎರಡೂ ಒಂದೇ. ನಿಜ ಜೀವನದಲ್ಲಿ ಹಾಗಿರುವುದಿಲ್ಲ.

1954ರ ಡಿಸೆಂಬರ್ 10ರಂದು ಅಮೆರಿಕದ ವಾಯುಪಡೆಯ ವೈದ್ಯ ಜಾನ್ ಸ್ಟಾಪ್ ರಾಕೆಟ್ ಕಟ್ಟಿದ ಬಂಡಿಯಲ್ಲಿ ಕುಳಿತು ಹಳಿಯ ಮೇಲೆ ಗಂಟೆಗೆ ಸುಮಾರು 1,017 ಕಿ.ಮೀ. ವೇಗ ಮುಟ್ಟಿದರು. ಬಂಡಿ ಸುಮಾರು 1.4 ಸೆಕೆಂಡಿನಲ್ಲಿ ನಿಂತಿತು. ಲೆಕ್ಕ ನೀವೇ ಮಾಡಬಹುದು: 1,017 ಕಿ.ಮೀ./ಗಂಟೆ ಎಂದರೆ 282.5 ಮೀ/ಸೆ. ಅದನ್ನು 1.4ರಿಂದ ಭಾಗಿಸಿದರೆ ಸುಮಾರು 202 ಮೀ/ಸೆ², ಗುರುತ್ವ ವೇಗೋತ್ಕರ್ಷದ 20 ಪಟ್ಟಿಗೂ ಹೆಚ್ಚು. ಇದು ಸರಾಸರಿ. ಆದರೆ ಅಂದು ದಾಖಲಾದ ಗರಿಷ್ಠ ಬೆಲೆ 46.2 ಪಟ್ಟು, ಅಂದರೆ ಸರಾಸರಿಯ ಎರಡು ಪಟ್ಟಿಗೂ ಮಿಗಿಲು. ಬಂಡಿ ಒಂದೇ ಹದದಲ್ಲಿ ನಿಧಾನವಾಗಲಿಲ್ಲ, ಒಂದು ಘಟ್ಟದಲ್ಲಿ ಜಗ್ಗಿ ಹಿಡಿಯಿತು. ಕಣ್ಣಿನ ರಕ್ತನಾಳಗಳು ಒಡೆದು ಸ್ಟಾಪ್‌ಗೆ ಕೆಲಕಾಲ ದೃಷ್ಟಿಯೇ ಹೋಗಿತ್ತು, ಆಮೇಲೆ ಮರಳಿತು. ದೇಹಕ್ಕೆ ಪೆಟ್ಟು ಕೊಡುವುದು ಆ ಕ್ಷಣದ ಬೆಲೆ, ಸರಾಸರಿ ಅದನ್ನು ಮುಚ್ಚಿಡುತ್ತದೆ. ನಕ್ಷೆಯಲ್ಲಿ ಸರಾಸರಿ ಎಂದರೆ ಎರಡು ಬಿಂದುಗಳನ್ನು ಸೇರಿಸುವ ಗೆರೆಯ ಇಳಿಜಾರು, ತತ್‌ಕ್ಷಣದ್ದು ಎಂದರೆ ಆ ಬಿಂದುವಿನಲ್ಲಿ ಎಳೆದ ಸ್ಪರ್ಶಕದ ಇಳಿಜಾರು.

ಒಂದೇ ಜವದಲ್ಲಿ ವೃತ್ತದಲ್ಲಿ ಸುತ್ತುವ ವಸ್ತುವಿಗೆ ವೇಗೋತ್ಕರ್ಷ ಇದೆ ಎನ್ನುತ್ತಾರೆ. ಹೇಗೆ?

ಜವಕ್ಕೆ ಬರೀ ಅಳತೆ ಇದೆ, ವೇಗಕ್ಕೆ ಅಳತೆಯೂ ದಿಕ್ಕೂ ಎರಡೂ ಇವೆ. ಸುತ್ತುವ ವಸ್ತುವಿನ ದಿಕ್ಕು ಕ್ಷಣಕ್ಷಣಕ್ಕೂ ತಿರುಗುತ್ತಿದೆ, ಆದ್ದರಿಂದ ವೇಗ ಬದಲಾಗುತ್ತಲೇ ಇದೆ. ಈ ವೇಗೋತ್ಕರ್ಷ ಸದಾ ಕೇಂದ್ರದ ಕಡೆಗೆ ಮುಖ ಮಾಡಿರುತ್ತದೆ, ಬೆಲೆ ವಿ² ÷ ಆರ್, ಇಲ್ಲಿ ಆರ್ ಎಂದರೆ ತ್ರಿಜ್ಯ.

ಚಂದ್ರನನ್ನೇ ತೆಗೆದುಕೊಳ್ಳಿ. ಭೂಮಿಯಿಂದ ಸುಮಾರು 3,84,000 ಕಿ.ಮೀ. ದೂರದಲ್ಲಿ, ಸೆಕೆಂಡಿಗೆ ಸುಮಾರು 1.02 ಕಿ.ಮೀ. ಜವದಲ್ಲಿ ಸುತ್ತುತ್ತಾನೆ. ಮೀಟರಿಗೆ ಬದಲಿಸಿ ಲೆಕ್ಕ ಹಾಕಿದರೆ ಸುಮಾರು 0.0027 ಮೀ/ಸೆ². ಈಗ ಇನ್ನೊಂದು ದಾರಿಯಿಂದ ಬನ್ನಿ: ಚಂದ್ರನ ದೂರ ಭೂಮಿಯ ತ್ರಿಜ್ಯದ ಸುಮಾರು 60 ಪಟ್ಟು. ಗುರುತ್ವ ದೂರದ ವರ್ಗಕ್ಕೆ ತಕ್ಕಂತೆ ಕುಗ್ಗುವುದಾದರೆ 9.8 ÷ 3,600 = 0.0027. ಎರಡೂ ಕೂಡಿ ಬಂದವು! ನ್ಯೂಟನ್ ಮಾಡಿದ ಹೋಲಿಕೆ ಇದೇ. ಮರದಿಂದ ಬೀಳುವ ಹಣ್ಣನ್ನೂ ಚಂದ್ರನನ್ನೂ ಎಳೆಯುವುದು ಒಂದೇ ಬಲ ಎಂದು ಹೇಳಲು ಅವನಿಗೆ ಧೈರ್ಯ ಬಂದದ್ದು ಇಂಥ ಭಾಗಾಕಾರದಿಂದ.

ಬಲಕ್ಕೂ ವೇಗೋತ್ಕರ್ಷಕ್ಕೂ ಏನು ನಂಟು?

ವೇಗೋತ್ಕರ್ಷ = ಒಟ್ಟು ಬಲ ÷ ದ್ರವ್ಯರಾಶಿ. "ಒಟ್ಟು" ಎಂಬ ಪದಕ್ಕೆ ಅಡಿಗೆರೆ ಎಳೆಯಿರಿ. 5 ಕೆ.ಜಿ. ಪೆಟ್ಟಿಗೆಯನ್ನು 20 ನ್ಯೂಟನ್ ಬಲದಿಂದ ತಳ್ಳಿದಾಗ ಘರ್ಷಣೆ 10 ನ್ಯೂಟನ್ ಇದ್ದರೆ ವೇಗೋತ್ಕರ್ಷ 2 ಮೀ/ಸೆ², 4 ಅಲ್ಲ.

ಮೇಜಿನ ಮೇಲೆ ಸುಮ್ಮನೆ ಬಿದ್ದಿರುವ ಮೊಬೈಲಿನ ಸೆನ್ಸರ್ 9.8 ತೋರಿಸುತ್ತದೆ. ಅದು ಕೆಟ್ಟಿದೆಯಾ?

ಕೆಟ್ಟಿಲ್ಲ. ಫೋನಿನೊಳಗಿನ ಸೆನ್ಸರ್‌ನಲ್ಲಿ ಸ್ಪ್ರಿಂಗಿನಂಥ ಆಧಾರಕ್ಕೆ ಕಟ್ಟಿದ ಒಂದು ಅತಿ ಸಣ್ಣ ತೂಕ ಇರುತ್ತದೆ. ಆ ತೂಕ ಎಷ್ಟು ಸರಿಯಿತು ಎಂದು ನೋಡಿ ಅದು ಬೆಲೆ ಹೇಳುತ್ತದೆ. ಮೇಜು ಫೋನನ್ನು ಮೇಲಕ್ಕೆ ತಳ್ಳುತ್ತಿದೆ, ಒಳಗಿನ ತೂಕ ಜೋತುಬಿದ್ದಿದೆ, ಅದನ್ನೇ ಸೆನ್ಸರ್ 9.8 ಎಂದು ಓದುತ್ತದೆ. ಗುರುತ್ವವೊಂದೇ ಎಳೆಯುತ್ತಿದ್ದಾಗ ಕವಚ, ತೂಕ ಎರಡೂ ಒಟ್ಟಿಗೆ ಬೀಳುವುದರಿಂದ ಅದಕ್ಕೆ ಏನೂ ತಿಳಿಯುವುದಿಲ್ಲ. ಫೋನನ್ನು ಮೆತ್ತನೆಯ ಹಾಸಿಗೆಯ ಮೇಲೆ ಅಂಗೈಯಷ್ಟು ಎತ್ತರದಿಂದ ಬೀಳಿಸಿ ನೋಡಿದರೆ, ಬೀಳುತ್ತಿರುವಾಗ ಬೆಲೆ ಸೊನ್ನೆಯ ಹತ್ತಿರ ಬಂದು, ತಾಗಿದ ಕೂಡಲೇ ಒಮ್ಮೆಲೇ ಜಿಗಿಯುತ್ತದೆ. ಇದನ್ನು ನಕ್ಷೆಯಾಗಿ ತೋರಿಸುವ ಉಚಿತ ಆ್ಯಪ್‌ಗಳಿವೆ, ಜರ್ಮನಿಯ ಆಖೆನ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಫೈಫಾಕ್ಸ್ ಅಂಥದ್ದೊಂದು.

ಬಾಹ್ಯಾಕಾಶ ನಿಲ್ದಾಣದ ಗಗನಯಾತ್ರಿಗಳು ತೇಲುವುದೂ ಇದೇ ಕಾರಣಕ್ಕೆ. ಸುಮಾರು 400 ಕಿ.ಮೀ. ಎತ್ತರದಲ್ಲಿ ಗುರುತ್ವ ವೇಗೋತ್ಕರ್ಷ ಇನ್ನೂ ಸುಮಾರು 8.7 ಮೀ/ಸೆ² ಇದೆ. "ಅಲ್ಲಿ ಗುರುತ್ವ ಇಲ್ಲ" ಎಂದು ಬರೆದರೆ ತಪ್ಪು. ನಿಲ್ದಾಣವೂ ಅದರೊಳಗಿನವರೂ ಭೂಮಿಯ ಸುತ್ತ ಒಟ್ಟಿಗೇ ಬೀಳುತ್ತಿದ್ದಾರೆ.

ಮನೆಯಲ್ಲೇ ವೇಗೋತ್ಕರ್ಷ ಅಳೆಯಬಹುದಾ?

ಖಂಡಿತ. 2 ಮೀಟರ್ ಉದ್ದದ ನೇರ ಹಲಗೆಯ ಒಂದು ತುದಿಯನ್ನು 20 ಸೆಂ.ಮೀ. ಎತ್ತರಿಸಿ. ಮೇಲಿನಿಂದ ಒಂದು ಗೋಲಿಯನ್ನು ತಳ್ಳದೆ, ಸುಮ್ಮನೆ ಬಿಡಿ. ಕೆಳಗೆ ಮುಟ್ಟುವವರೆಗಿನ ಕಾಲವನ್ನು ಫೋನಿನ ಸ್ಟಾಪ್‌ವಾಚ್‌ನಲ್ಲಿ ಹಿಡಿಯಿರಿ. ನಿಂತಲ್ಲಿಂದ ಹೊರಟಿದ್ದರಿಂದ ಎ = 2ಎಸ್ ÷ ಟಿ². ಐದಾರು ಸಲ ಮಾಡಿ ಕಾಲದ ಸರಾಸರಿ ತೆಗೆಯಿರಿ, ಏಕೆಂದರೆ ಬೆರಳು ಒತ್ತುವುದರಲ್ಲಾಗುವ ಹೆಚ್ಚುಕಡಿಮೆ ವರ್ಗವಾಗಿ ಉತ್ತರಕ್ಕೆ ಸೇರುತ್ತದೆ.

ಸುಮಾರು 2.4 ಸೆಕೆಂಡು ಬರಬೇಕು, ಅಂದರೆ ಸುಮಾರು 0.7 ಮೀ/ಸೆ². ಇಲ್ಲಿ ಕೆಲವರು ಗಾಬರಿಯಾಗುತ್ತಾರೆ. ಎತ್ತರ ಉದ್ದದ ಹತ್ತನೇ ಒಂದು ಭಾಗ, ಹಾಗಾದರೆ 9.8ರ ಹತ್ತನೇ ಒಂದು ಭಾಗ 0.98 ಬರಬೇಕಲ್ಲ? ಘರ್ಷಣೆಯಿಲ್ಲದೆ ಜಾರುವ ವಸ್ತುವಿಗೆ 0.98 ಸರಿ. ಗೋಲಿ ಜಾರುತ್ತಿಲ್ಲ, ಉರುಳುತ್ತಿದೆ. ಮುಂದೆ ಹೋಗುವುದರ ಜೊತೆಗೆ ತಾನೂ ತಿರುಗಬೇಕು, ಅದಕ್ಕೂ ಶಕ್ತಿ ಬೇಕು. ಗಟ್ಟಿ ಗೋಲಿಗೆ ಸಿಗುವುದು ಅದರ 5/7 ಭಾಗ: 0.98 × 5/7 = 0.70. ಒಳಗೆ ಟೊಳ್ಳಾದ, ತೆಳು ಕವಚದ ಚೆಂಡಿಗೆ 3/5 ಭಾಗ ಮಾತ್ರ. ಹಾಗಾಗಿ ಟೇಬಲ್ ಟೆನಿಸ್ ಚೆಂಡನ್ನೂ ಗೋಲಿಯನ್ನೂ ಒಟ್ಟಿಗೆ ಬಿಟ್ಟರೆ ಗೋಲಿ ಗೆಲ್ಲುತ್ತದೆ, ಅದು ಭಾರವಾಗಿದೆ ಎಂಬ ಕಾರಣಕ್ಕಲ್ಲ.

ವೇಗೋತ್ಕರ್ಷವೇ ಬದಲಾಗುತ್ತಿದ್ದರೆ ಅದಕ್ಕೂ ಒಂದು ಅಳತೆ ಇದೆಯಾ?

ಇದೆ, ಅದನ್ನು ಜರ್ಕ್ ಎನ್ನುತ್ತಾರೆ, ಏಕಮಾನ ಮೀ/ಸೆ³. ಲಿಫ್ಟು ಹೊರಡುವಾಗ ಹೊಟ್ಟೆಯಲ್ಲಿ ಒಂಥರಾ ಆಗುವುದು ಇದರಿಂದ. ಲಿಫ್ಟು, ರೈಲು ವಿನ್ಯಾಸ ಮಾಡುವವರು ವೇಗೋತ್ಕರ್ಷಕ್ಕೆ ಮಾತ್ರವಲ್ಲ, ಇದಕ್ಕೂ ಮಿತಿ ಇಟ್ಟುಕೊಂಡಿರುತ್ತಾರೆ. ಶಾಲೆಯ ಪರೀಕ್ಷೆಯಲ್ಲಿ ಸಾಮಾನ್ಯವಾಗಿ ಕೇಳುವುದಿಲ್ಲ.